ಸ್ಟೆಲ್ವಿಯೊ ಘಾಟಿ: 48 ತಿರುವುಗಳ ಏರು, ಅದಕ್ಕಿಂತ ಹುಷಾರಾಗಿರಬೇಕಾದ ಇಳಿತ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಟಲಿಯ ಉತ್ತರದ ಅಂಚಿನಲ್ಲಿರುವ ಪ್ರಾಟೋ ಎಂಬ ಊರೂ ಹೆಚ್ಚುಕಡಿಮೆ ಅಷ್ಟೇ, 915 ಮೀಟರ್. ಅಲ್ಲಿಂದ ಹೊರಟ ರಸ್ತೆ 24 ಕಿ.ಮೀ. ಚಿಲ್ಲರೆ ದೂರದಲ್ಲಿ 2,757 ಮೀಟರ್ ಎತ್ತರದ ಸ್ಟೆಲ್ವಿಯೊ ಘಾಟಿಯ ನೆತ್ತಿ ಮುಟ್ಟುತ್ತದೆ. ಹತ್ತನೇ ಕಿ.ಮೀ. ಹತ್ತಿರ ಸಿಗುವ ಟ್ರಾಫೋಯ್ ಹಳ್ಳಿಗೆ 1,543 ಮೀಟರ್. ನಂದಿಬೆಟ್ಟದ ತುದಿಯ ಎತ್ತರವನ್ನು ಅಲ್ಲಿಗೇ ದಾಟಿ ಆಗಿರುತ್ತದೆ. ಇನ್ನೊಂದು ನಾಲ್ಕೈದು ಕಿ.ಮೀ. ಸೈಕಲ್ ತುಳಿದರೆ ಮುಳ್ಳಯ್ಯನಗಿರಿಯ 1,930 ಮೀಟರೂ ಹಿಂದೆ ಬೀಳುತ್ತದೆ. ಆಗಲೂ ಮೇಲೆ ನೋಡಿದರೆ ರಸ್ತೆ ಇನ್ನೂ ಗೋಡೆಯ ಮೇಲೆ ಹತ್ತುತ್ತಲೇ ಇರುತ್ತದೆ.

ಬೆಂಗಳೂರಿನ ಸವಾರರು ವಾರಾಂತ್ಯದ ನಸುಕಿನಲ್ಲಿ ಅಭ್ಯಾಸಕ್ಕೆ ಹೋಗುವ ನಂದಿಯ ಏರು ಏಳೆಂಟು ಕಿ.ಮೀ., ಎತ್ತರದಲ್ಲಿ ನಾನೂರು ಚಿಲ್ಲರೆ ಮೀಟರ್. ಸ್ಟೆಲ್ವಿಯೊ ಅಂದರೆ ನಡುವೆ ಇಳಿಜಾರೇ ಇಲ್ಲದ ನಾಲ್ಕು ನಂದಿ. ಹಾಗಾಗಿ ನಂದಿಯನ್ನು ಎಷ್ಟು ನಿಮಿಷದಲ್ಲಿ ಹತ್ತುತ್ತೀರಿ ಎಂಬುದಕ್ಕೆ ಇಲ್ಲಿ ಬೆಲೆ ಕಡಿಮೆ. ಒಂದೇ ಬೆಳಗ್ಗೆ ಮೂರು ಸಲ ಹತ್ತಿ, ಮೂರನೆಯ ಸಲಕ್ಕೂ ಮೊದಲ ಸಲದಷ್ಟೇ ಹೊತ್ತು ಹಿಡಿದರೆ ತಯಾರಿ ಸರಿಯಿದೆ ಎಂದರ್ಥ.

ಮೊದಲ ದಿನ: ಮೆರಾನೋದಿಂದ ಪ್ರಾಟೋ

ವಿಮಾನ, ರೈಲುಗಳ ಸಮಾಚಾರ ಬಿಟ್ಟುಬಿಡೋಣ. ಮೆರಾನೋ ಸೇರಿದ ಮೇಲೆ ಎರಡು ದಾರಿ. ಕಣಿವೆಯ ಉದ್ದಕ್ಕೂ ಓಡುವ ಚಿಕ್ಕ ರೈಲು ಹಿಡಿದು ಸ್ಪೊಂಡಿನಿಗ್ ಸ್ಟೇಷನ್ನಿನಲ್ಲಿ ಇಳಿದರೆ ಪ್ರಾಟೋ 3 ಕಿ.ಮೀ. ಇಲ್ಲವೇ ಆಡಿಜೆ ನದಿಯ ದಡದ ಸೈಕಲ್ ದಾರಿಯಲ್ಲಿ 50 ಕಿ.ಮೀ.ಯಷ್ಟು ತುಳಿದುಕೊಂಡೇ ಬರಬಹುದು. ಮೆರಾನೋ ಇರುವುದು 325 ಮೀಟರ್ ಎತ್ತರದಲ್ಲಿ, ಆದ್ದರಿಂದ ಇಡೀ ದಾರಿ ಸಣ್ಣಗೆ ಏರು. ಅದರ ಮೇಲೆ ಕಣಿವೆಯ ಗಾಳಿ ಬಹುಪಾಲು ಮೇಲಿನಿಂದ ಕೆಳಕ್ಕೆ ಬೀಸುತ್ತದೆ, ಅಂದರೆ ಮುಖಕ್ಕೆ. ಮರುದಿನ ಘಾಟಿ ಹತ್ತುವವರು ಅರ್ಧ ದಾರಿ ರೈಲಿನಲ್ಲಿ ಬರುವುದೇ ಜಾಣತನ.

ಈ ಕಣಿವೆಗೆ ಫಿನ್ಶ್‌ಗೌ ಎಂದು ಹೆಸರು. ಆಲ್ಪ್ಸ್‌ನಲ್ಲಿ ಮಳೆ ತೀರಾ ಕಡಿಮೆ ಬೀಳುವ ಕಣಿವೆಗಳಲ್ಲಿ ಇದೂ ಒಂದು. ಸುತ್ತ ಹಿಮದ ಬೆಟ್ಟಗಳಿದ್ದರೂ ತಳದಲ್ಲಿ ಕಾಲುವೆ ನೀರಿಲ್ಲದೆ ಬೆಳೆ ಇಲ್ಲ. ಸೈಕಲ್ ದಾರಿಯ ಎರಡೂ ಕಡೆ ಸೇಬಿನ ತೋಟ, ನಡುನಡುವೆ ನೀರೆರಚುವ ಸ್ಪ್ರಿಂಕ್ಲರ್. ಸೆಪ್ಟೆಂಬರ್ ಮೊದಲ ವಾರದಲ್ಲಿ ಕೊಯ್ಲು ಶುರುವಾಗಿ, ಪೆಟ್ಟಿಗೆ ಹೊತ್ತ ಸಣ್ಣ ಟ್ರ್ಯಾಕ್ಟರುಗಳು ಸೈಕಲ್ ದಾರಿಗೇ ಬಂದುಬಿಡುತ್ತವೆ. ಅವಕ್ಕೆ ದಾರಿ ಬಿಡುವುದು ವಾಡಿಕೆ. ತೋಟದ ಅಂಚಿನಲ್ಲಿ ನಿಂತು ದಾರಿ ಕೇಳಿದಾಗ ಮಾತಿಗೆ ಸಿಕ್ಕ ರೈತರೊಬ್ಬರು ಸ್ಟೆಲ್ವಿಯೊ ಬಗ್ಗೆ ಕೇಳಲೇ ಇಲ್ಲ. ನಿಮ್ಮಲ್ಲಿ ಸೇಬು ಬೆಳೆಯುತ್ತದೆಯೇ, ಕಿಲೋಗೆ ಎಷ್ಟು ಸಿಗುತ್ತದೆ ಎಂದು ವಿಚಾರಿಸಿದರು.

ಇಲ್ಲಿನ ಜನ ಮನೆಯಲ್ಲಿ ಆಡುವುದು ಜರ್ಮನ್. ಮೊದಲ ಮಹಾಯುದ್ಧದವರೆಗೆ ಇದು ಆಸ್ಟ್ರಿಯಾದ ಟಿರೋಲ್. 1919ರ ಒಪ್ಪಂದದಲ್ಲಿ ಇಟಲಿಗೆ ಸೇರಿತು. ಎಲ್ಲ ಫಲಕಗಳಲ್ಲೂ ಎರಡೆರಡು ಹೆಸರಿರುವುದು ಅದಕ್ಕೇ. ಪ್ರಾಟೋ ಜರ್ಮನ್ನಿನಲ್ಲಿ ಪ್ರಾಡ್, ಸ್ಟೆಲ್ವಿಯೊ ಘಾಟಿ ಷ್ಟಿಲ್ಫ್‌ಸರ್ ಯೋಖ್. ಎರಡೂ ಹೆಸರು ತಿಳಿದಿದ್ದರೆ ಬಸ್ಸಿನ ಬೋರ್ಡು ನೋಡಿ ಗಲಿಬಿಲಿಯಾಗುವುದಿಲ್ಲ.

ಸಂಜೆಯ ಕೆಲಸ ಸೈಕಲ್ ಜೋಡಿಸುವುದು. ನಮ್ಮ ಗುಂಪಿನ ಒಂದು ಸೈಕಲ್ಲಿನಲ್ಲಿ ಗೇರ್ ಬದಲಿಸಲು ಚೈನನ್ನು ಸರಿಸುವ ಹಿಂದಿನ ಡಿರೇಲರನ್ನು ಫ್ರೇಮಿಗೆ ಹಿಡಿಸುವ ಹ್ಯಾಂಗರ್ ಪೆಟ್ಟಿಗೆಯೊಳಗೇ ಬಾಗಿತ್ತು. ನೋಡಿದರೆ ಏನೂ ಕಾಣುವುದಿಲ್ಲ. ಚೈನು ಅತಿ ದೊಡ್ಡ ಹಲ್ಲಿಗೆ ಏರುವಾಗ ಕಟಕಟ ಶಬ್ದ, ಡಿರೇಲರಿನ ಪಂಜರ ಕಡ್ಡಿಗಳಿಗೆ ಬೆರಳಷ್ಟು ಹತ್ತಿರ. ಹಾಗೇ ಹೊರಟರೆ ಘಾಟಿಯ ನಡುವೆ ಡಿರೇಲರ್ ಚಕ್ರದೊಳಗೆ ಸಿಕ್ಕಿ ಪ್ರವಾಸ ಅಲ್ಲಿಗೇ ಮುಗಿಯುತ್ತದೆ. ಹ್ಯಾಂಗರ್ ಸಣ್ಣ ಅಲ್ಯೂಮಿನಿಯಂ ತುಂಡು, ಫ್ರೇಮ್ ಉಳಿಯಲಿ ಎಂದು ತಾನು ಬಾಗುವಂತೆಯೇ ಮಾಡಿರುತ್ತಾರೆ. ಒಂದೊಂದು ಫ್ರೇಮಿಗೂ ಅದರ ಆಕಾರ ಬೇರೆ, ಆದ್ದರಿಂದ ಬೇರೆ ಊರಿನ ಅಂಗಡಿಯಲ್ಲಿ ಸಿಗುತ್ತದೆಂಬ ಭರವಸೆ ಇಟ್ಟುಕೊಳ್ಳಬಾರದು. ಬಿಡಿ ಹ್ಯಾಂಗರ್ ಒಂದನ್ನು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದರಿಂದ ಹತ್ತು ನಿಮಿಷದಲ್ಲಿ ಕೆಲಸವಾಯಿತು. ಪ್ಯಾಕ್ ಮಾಡುವಾಗಲೇ ಡಿರೇಲರನ್ನು ಬಿಚ್ಚಿ, ಬಬಲ್ ಹಾಳೆ ಸುತ್ತಿ, ಫ್ರೇಮಿನ ಒಳಬದಿಗೆ ಕಟ್ಟಿದರೆ ಈ ತಾಪತ್ರಯ ಬರುವುದಿಲ್ಲ. ಡಿಸ್ಕ್ ಬ್ರೇಕಿನವರು ಪ್ಯಾಡುಗಳ ನಡುವೆ ಪ್ಲಾಸ್ಟಿಕ್ ತಡೆ ಇಡಬೇಕು. ಇಲ್ಲದಿದ್ದರೆ ಸಾಗಣೆಯಲ್ಲಿ ಲಿವರ್ ಒತ್ತಿ ಪ್ಯಾಡುಗಳು ಕಚ್ಚಿಕೊಂಡು, ಡಿಸ್ಕ್ ಒಳಗೆ ಹೋಗುವುದೇ ಇಲ್ಲ.

ಹ್ಯಾಂಡಲಿನ ಸ್ಟೆಮ್ ಬೋಲ್ಟುಗಳ ಬಿಗಿತ ಸಾಮಾನ್ಯವಾಗಿ 5 ನ್ಯೂಟನ್ ಮೀಟರ್. ಕಾರ್ಬನ್ ಆದರೆ ಅದರ ಮೇಲೆ ಬರೆದ ಅಂಕಿಯೇ ಅಂತಿಮ. ಬಿಗಿತ ಅಳೆಯುವ ಟಾರ್ಕ್ ಕೀ ತರದವರು ಕೈ ಅಂದಾಜಿನಲ್ಲಿ ಬಿಗಿ ಮಾಡುವುದನ್ನು ನೋಡಿದರೆ ಇಳಿಜಾರಿನಲ್ಲಿ ಅವರ ಹಿಂದೆ ಹೋಗಲು ಮನಸ್ಸಾಗುವುದಿಲ್ಲ.

ರಾತ್ರಿ ಊಟಕ್ಕೆ ಸಸ್ಯಾಹಾರಿಗಳು ಇಲ್ಲಿ ಉಪವಾಸ ಬೀಳುವುದಿಲ್ಲ. ಹಳೆಯ ಬ್ರೆಡ್ಡಿಗೆ ಪಾಲಕ್ ಕಲಸಿ ಮಾಡಿದ ಉಂಡೆ, ಮೇಲೆ ಬೆಣ್ಣೆ, ಚೀಸು. ಪಾಲಕ್ ಮತ್ತು ಮೆತ್ತನೆಯ ಚೀಸು ತುಂಬಿದ ಷ್ಲುಟ್ಸ್‌ಕ್ರಾಪ್‌ಫನ್. ಆದರೆ ಆ ಬ್ರೆಡ್ ಉಂಡೆಯಲ್ಲೇ ಹಂದಿ ಮಾಂಸದ ಚೂರು ಹಾಕಿದ ಬಗೆಯೂ ಇದೆ. 'ಸ್ಪೆಕ್ ಬೇಡ' ಎಂದು ಹೇಳಿಯೇ ತರಿಸಿಕೊಳ್ಳಬೇಕು. ಮೇಜಿಗೆ ಬರುವ ಚಪ್ಪಟೆ ರೈ ಬ್ರೆಡ್ ಮುರಿದರೆ ಮೆಂತ್ಯದ ವಾಸನೆ ಬರುತ್ತದೆ. ಭ್ರಮೆಯಲ್ಲ: ಈ ಕಣಿವೆಯವರು ಬ್ರೆಡ್ಡಿಗೆ ಹಾಕುವುದು ನೀಲಿ ಹೂವಿನ ಒಂದು ಸೊಪ್ಪು, ಅದು ಮೆಂತ್ಯದ ಕುಲದ್ದೇ.

ಎರಡನೆಯ ದಿನ: ಪ್ರಾಟೋದಿಂದ ನೆತ್ತಿಗೆ, ಆಮೇಲೆ ಬೋರ್ಮಿಯೊಗೆ

ಬೆಳಗ್ಗೆ ಆರೂ ಮುಕ್ಕಾಲಿಗೆ ಹೊರಟದ್ದು ಎರಡು ಕಾರಣಕ್ಕೆ. ಬೈಕುಗಳ ಮತ್ತು ಕಾರುಗಳ ದಂಡು ಒಂಬತ್ತರ ನಂತರ ಬರುತ್ತದೆ, ಮೋಡ ಮಧ್ಯಾಹ್ನ ಕಟ್ಟುತ್ತದೆ. ವಸತಿಗೃಹದ ಯಜಮಾನಿತಿ ಆಕಾಶ ನೋಡಿ, ಇವತ್ತು ಎರಡು ಗಂಟೆಯೊಳಗೆ ಕೆಳಗಿರಿ ಎಂದರು. ಆ್ಯಪ್ ಹೇಳಿದ್ದು ನಾಲ್ಕು ಗಂಟೆ. ಗುಡುಗು ಬಂದದ್ದು ಎರಡೂವರೆಗೆ. ಘಾಟಿ ತೆರೆದಿದೆಯೋ ಮುಚ್ಚಿದೆಯೋ ಎಂಬ ಫಲಕ ಏರು ಶುರುವಾಗುವ ಮುಂಚೆಯೇ ಇದೆ. ಸಾಮಾನ್ಯವಾಗಿ ಮೇ ಕೊನೆ ಅಥವಾ ಜೂನ್‌ನಿಂದ ಅಕ್ಟೋಬರ್ ಕೊನೆಯವರೆಗೆ ದಾರಿ ತೆರೆದಿರುತ್ತದೆ, ಆದರೆ ಆಗಸ್ಟ್‌ನಲ್ಲೂ ಒಂದು ರಾತ್ರಿ ಹಿಮ ಬಿದ್ದರೆ ಬೆಳಗ್ಗೆ ಗೇಟು ಹಾಕುತ್ತಾರೆ. ಬೇಸಿಗೆಯ ಕೊನೆಯಲ್ಲಿ ಒಂದು ಶನಿವಾರ ಮೋಟಾರು ವಾಹನಗಳನ್ನೆಲ್ಲ ತಡೆದು ರಸ್ತೆಯನ್ನು ಸೈಕಲ್ಲಿಗೆ ಬಿಟ್ಟುಕೊಡುವ ದಿನವೂ ಇದೆ. ಶಬ್ದ ಇರುವುದಿಲ್ಲ ನಿಜ, ಆದರೆ ಜಾತ್ರೆಯಷ್ಟು ಜನ.

ಗೇರಿನ ಲೆಕ್ಕವನ್ನು ಹೊರಡುವ ಮುಂಚೆಯೇ ಮುಗಿಸಿಕೊಳ್ಳಬೇಕು. ಸವಾರ, ಸೈಕಲ್, ಸಾಮಾನು ಸೇರಿ 80 ಕಿಲೋ ಎಂದುಕೊಂಡರೆ ಶೇ. 8ರ ಏರಿನಲ್ಲಿ ಗಂಟೆಗೆ 9 ಕಿ.ಮೀ. ಹೋಗಲು ಸುಮಾರು 170 ವ್ಯಾಟ್ ಬೇಕು. ಮುಂದೆ 34, ಹಿಂದೆಯೂ 34 ಹಲ್ಲಿದ್ದರೆ ಆ ವೇಗಕ್ಕೆ ಪೆಡಲು ನಿಮಿಷಕ್ಕೆ 70 ಸುತ್ತು ತಿರುಗುತ್ತದೆ. ಹಿಂದೆ 28 ಹಲ್ಲೇ ದೊಡ್ಡದಾದರೆ ಅದೇ ವೇಗಕ್ಕೆ 58 ಸುತ್ತು. ವ್ಯಾಟ್ ಒಂದೇ, ಆದರೆ ಪ್ರತಿ ತುಳಿತಕ್ಕೂ ಹೆಚ್ಚು ಬಲ ಬೇಕಾಗಿ ಎರಡು ಗಂಟೆಯ ನಂತರ ಮಂಡಿ, ಸೊಂಟ ಮಾತಾಡಲು ಶುರುಮಾಡುತ್ತವೆ. ಬಾಡಿಗೆ ಸೈಕಲ್ ತೆಗೆದುಕೊಳ್ಳುವವರು ಬ್ರ್ಯಾಂಡ್ ಕೇಳುವ ಬದಲು ಹಿಂದಿನ ಕ್ಯಾಸೆಟ್ಟಿನ, ಅಂದರೆ ಹಲ್ಲುಚಕ್ರಗಳ ಗೊಂಚಲಿನ, ಅತಿ ದೊಡ್ಡ ಚಕ್ರಕ್ಕೆ ಎಷ್ಟು ಹಲ್ಲು ಎಂದು ಕೇಳಲಿ.

ಪ್ರಾಟೋದಿಂದ ಗೊಮಗೋಯ್ ತನಕ ಏಳು ಕಿ.ಮೀ. ತೊರೆಯ ಪಕ್ಕದ ಇಕ್ಕಟ್ಟು ಕಣಿವೆ. ಬಿಸಿಲು ಇನ್ನೂ ಇಳಿದಿರಲಿಲ್ಲ, ಕೈ ಬೆರಳು ಮರಗಟ್ಟುವಷ್ಟು ಚಳಿ. ಏರು ಹದವಾದದ್ದು, ಶೇ. 5-6. ಬಹಳ ಜನ ಕೆಡುವುದು ಇಲ್ಲೇ. ಕಾಲು ಹೊಸದು, ಗಾಳಿ ತಂಪು, ತಿರುವು ಒಂದೂ ಇಲ್ಲ, ಆದ್ದರಿಂದ ವೇಗ ತಾನಾಗಿ ಏರುತ್ತದೆ. ಮೊದಲ ಒಂದು ಗಂಟೆ ಪಕ್ಕದವರೊಂದಿಗೆ ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟೇ ತುಳಿಯಬೇಕು. ಗೊಮಗೋಯ್‌ನಲ್ಲಿ ಆಸ್ಟ್ರಿಯನ್ನರ ಕಾಲದ ಕಲ್ಲಿನ ಕೋಟೆ ರಸ್ತೆಗೆ ಅಂಟಿಕೊಂಡೇ ನಿಂತಿದೆ. ಎಡಕ್ಕೆ ಸೋಲ್ಡಾ ಊರಿನ ದಾರಿ ಕವಲೊಡೆಯುತ್ತದೆ, ಆ ಕಡೆ ಹೋಗಬಾರದು.

ಅದು ದಾಟಿದ ಮೇಲೆ ಮೊದಲ ಹೇರ್‌ಪಿನ್ ತಿರುವು. ಗೋಡೆಯ ಮೇಲೆ 48 ಎಂದು ಬರೆದಿರುತ್ತದೆ. ಅಂಕಿ ಮೇಲಕ್ಕೆ ಹೋದಂತೆ ಇಳಿಯುತ್ತ, ತುದಿಯಲ್ಲಿ 1. ಈ ಎಣಿಕೆ ಮನಸ್ಸಿಗೆ ಒಳ್ಳೆಯದೂ ಹೌದು, ಕೆಟ್ಟದ್ದೂ ಹೌದು. ಟ್ರಾಫೋಯ್ ಹತ್ತಿರದ ಅಂಕಿಗಳು ಬಹಳ ಹೊತ್ತು ಬದಲಾಗುವುದೇ ಇಲ್ಲ, ಮೇಲಿನವು ಪಟಪಟನೆ ಬರುತ್ತವೆ. ಆದ್ದರಿಂದ ಅರ್ಧ ತಿರುವು ಮುಗಿದರೆ ಅರ್ಧ ಏರು ಮುಗಿಯಿತು ಎಂದುಕೊಳ್ಳಬಾರದು, ಎತ್ತರ ನೋಡಿಕೊಳ್ಳಬೇಕು.

ಟ್ರಾಫೋಯ್‌ನಲ್ಲಿ ಎರಡೂ ಬಾಟಲಿ ತುಂಬಿಸಿಕೊಂಡೆವು. ಹಳ್ಳಿಗಳ ಕಲ್ಲಿನ ತೊಟ್ಟಿಗಳಲ್ಲಿ ಸುರಿಯುವ ನೀರು ಕುಡಿಯಲು ಬರುತ್ತದೆ, 'ಕುಡಿಯುವ ನೀರಲ್ಲ' ಎಂಬ ಫಲಕ ಇಲ್ಲದಿದ್ದರೆ. ಊರಿನಿಂದ ತಂದ ಓಆರ್‌ಎಸ್ ಪೊಟ್ಟಣ ಇಲ್ಲಿ ಚೆನ್ನಾಗಿ ಉಪಯೋಗಕ್ಕೆ ಬಂತು. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೀಟರಿಗೇ ಹಾಕಬೇಕು. ಅರ್ಧ ಲೀಟರಿಗೆ ಹಾಕಿದರೆ ಉಪ್ಪು ಹೆಚ್ಚಾಗಿ ಹೊಟ್ಟೆ ತೊಳಸುತ್ತದೆ. ಆದರೆ ಅದರಲ್ಲಿ ಸಕ್ಕರೆ ಲೀಟರಿಗೆ 13.5 ಗ್ರಾಂ ಮಾತ್ರ. ಏರುವಾಗ ಗಂಟೆಗೆ 60 ಗ್ರಾಂನಷ್ಟು ಕಾರ್ಬೋಹೈಡ್ರೇಟ್ ಬೇಕಾಗುವುದರಿಂದ ತಿನ್ನುವುದು ತಪ್ಪುವುದಿಲ್ಲ. ಎರಡು ದೊಡ್ಡ ಖರ್ಜೂರ, ಒಂದು ಬಾಳೆಹಣ್ಣು ಸೇರಿದರೆ ಒಂದು ಗಂಟೆಯ ಪಾಲು ಹೆಚ್ಚುಕಡಿಮೆ ಮುಗಿಯುತ್ತದೆ. ಕಡಲೆಕಾಯಿ ಚಿಕ್ಕಿ ರುಚಿಯೇನೋ ಸರಿ, ಆದರೆ ಎಣ್ಣೆಯಂಶ ಹೆಚ್ಚು, ಏರಿನಲ್ಲಿ ಜೀರ್ಣವಾಗಲು ತಡ. ಅದನ್ನು ತುದಿಗೆ ಉಳಿಸಿಕೊಳ್ಳಿ.

ಟ್ರಾಫೋಯ್‌ನಿಂದ ಮೇಲೆ ರಸ್ತೆಯ ಸ್ವಭಾವವೇ ಬೇರೆ. ಸ್ಪ್ರೂಸ್, ಲಾರ್ಚ್ ಮರಗಳ ಕಾಡಿನೊಳಗೆ ಶೇ. 8-9ರ ಏರು ಬಿಡುವಿಲ್ಲದೆ ಹೋಗುತ್ತದೆ. ಈ ಭಾಗವೇ ಇಡೀ ಘಾಟಿಯಲ್ಲಿ ಗಟ್ಟಿ ಎಂದು ನಮ್ಮ ಅಭಿಪ್ರಾಯ, ಫೋಟೋಗಳಲ್ಲಿ ಬರುವುದು ಮೇಲಿನ ಭಾಗವಾದರೂ. ಇಲ್ಲಿ ತಿರುವಿನ ಮರ್ಮ ಕಲಿಯಬೇಕು. ಇಟಲಿಯಲ್ಲಿ ವಾಹನ ಬಲಬದಿಗೆ. ಎಡಕ್ಕೆ ಹೊರಳುವ ತಿರುವಿನಲ್ಲಿ ನಾವು ಹೊರಸುತ್ತಿನಲ್ಲಿರುತ್ತೇವೆ. ದಾರಿ ಉದ್ದ, ಏರು ಸಪಾಟು, ಅಲ್ಲೇ ನೀರು ಕುಡಿಯಬೇಕು, ಉಸಿರು ಹಿಡಿಯಬೇಕು. ಬಲಕ್ಕೆ ಹೊರಳುವ ತಿರುವಿನ ಒಳಮೂಲೆಯಲ್ಲಿ ನಾಲ್ಕೈದು ಮೀಟರ್ ಕಡಿದಾದ ಗೋಡೆ. ಅದಕ್ಕೆ ಹತ್ತು ಮೀಟರ್ ಮುಂಚೆಯೇ ಗೇರ್ ಇಳಿಸಿ, ಹಿಂದೆಮುಂದೆ ನೋಡಿ ವಾಹನವಿಲ್ಲದಿದ್ದರೆ ಸ್ವಲ್ಪ ಹೊರಕ್ಕೆ ಬಂದು ಹೊರಳಬೇಕು. ನಮ್ಮ ಘಾಟಿಗಳಲ್ಲಿ ಇದು ತಿರುಗುಮುರುಗು, ಹಾಗಾಗಿ ಅಭ್ಯಾಸಬಲ ಮೊದಲ ಹತ್ತು ತಿರುವುಗಳಲ್ಲಿ ಮೋಸ ಮಾಡುತ್ತದೆ.

ಬಸ್ಸು ಬಂದಾಗ ಇನ್ನೊಂದು ಎಚ್ಚರ. ಅದು ತಿರುವಿನ ಪೂರ್ತಿ ಅಗಲ ತೆಗೆದುಕೊಳ್ಳುತ್ತದೆ, ಮುಂಚೆಯೇ ಹಾರ್ನ್ ಹಾಕುತ್ತದೆ. ಹಾರ್ನ್ ಕೇಳಿದರೆ ತಿರುವಿಗೆ ನುಗ್ಗದೆ ಕೆಳಗಿನ ನೇರ ದಾರಿಯಲ್ಲೇ ನಿಂತುಬಿಡುವುದು ಒಳ್ಳೆಯದು.

ಕಾಡಿನ ಸಂದಿಯಲ್ಲಿ ಎಡಕ್ಕೆ ಒರ್ಟ್ಲರ್ ಕಾಣಿಸಿಕೊಂಡಿತು, 3,905 ಮೀಟರ್, ಹೆಗಲ ಮೇಲೆ ಹರಿದ ಹಿಮನದಿ. ಮೊದಲ ಮಹಾಯುದ್ಧದಲ್ಲಿ ಆಸ್ಟ್ರಿಯಾದ ಸೈನಿಕರು ಅದರ ನೆತ್ತಿಗೆ ಫಿರಂಗಿ ಎಳೆದುಕೊಂಡು ಹೋಗಿದ್ದರು. ಸೈಕಲ್ಲಿನ ಮೇಲೆ ಏದುಸಿರು ಬಿಡುತ್ತ ಆ ಮಂಜಿನ ಗೋಡೆ ನೋಡುವಾಗ ನಂಬುವುದು ಕಷ್ಟ.

2,188 ಮೀಟರ್ ಎತ್ತರದ ಫ್ರಾಂಜೆನ್ಸ್‌ಹೋಹೆ ತಲುಪುವ ಹೊತ್ತಿಗೆ ಮರಗಳು ಮುಗಿದಿರುತ್ತವೆ. ಹೋಟೆಲಿನ ಮುಂದೆ ನಿಂತರೆ ಉಳಿದ ರಸ್ತೆ ಪೂರ್ತಿ ಎದುರಿಗೆ, ಒಂದರ ಮೇಲೊಂದು ಕಲ್ಲಿನ ಕಟ್ಟೆ. ಉಳಿದದ್ದು ಸುಮಾರು 7 ಕಿ.ಮೀ., 570 ಮೀಟರ್ ಎತ್ತರ. ಈ ರಸ್ತೆಯನ್ನು ರೂಪಿಸಿದವರು ಎಂಜಿನಿಯರ್ ಕಾರ್ಲೊ ಡೊನೆಗಾನಿ. 1820ರಿಂದ 1825ರವರೆಗೆ, ಆಗ ಆಸ್ಟ್ರಿಯಾದ ಕೈಯಲ್ಲಿದ್ದ ಲೊಂಬಾರ್ಡಿಯನ್ನು ಟಿರೋಲ್‌ಗೆ ಜೋಡಿಸಲು ಕಟ್ಟಿದ್ದು. ಕುದುರೆ ಗಾಡಿ ಹತ್ತಬೇಕಿತ್ತು, ಆದ್ದರಿಂದ ಏರು ಒಂದೇ ಹದದಲ್ಲಿರಬೇಕಿತ್ತು. ಸೈಕಲ್ ಸವಾರರು ಇಂದಿಗೂ ಅದರ ಫಲ ಉಣ್ಣುತ್ತಿದ್ದಾರೆ: ಇಷ್ಟು ಎತ್ತರದ ಗೋಡೆಯಲ್ಲೂ ಶೇ. 15-18ರ ಎದೆಯೊಡೆಯುವ ತುಂಡು ಎಲ್ಲೂ ಇಲ್ಲ, ಅಲ್ಲಲ್ಲಿ ಶೇ. 10-11 ಅಷ್ಟೇ. 1859ರಲ್ಲಿ ಲೊಂಬಾರ್ಡಿ ಕೈತಪ್ಪಿದ ಮೇಲೆ ಜೋಡಿಸಲು ಕಟ್ಟಿದ ಘಾಟಿಯೇ ಎರಡು ದೇಶಗಳ ಗಡಿಯಾಯಿತು.

ಈ ಎತ್ತರದಲ್ಲಿ ಇನ್ನೊಂದು ಲೆಕ್ಕ ಸೇರಿಕೊಳ್ಳುತ್ತದೆ. ನೆತ್ತಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ. 72ರಷ್ಟು. ಕೆಳಗೆ ಸುಲಭವಾಗಿದ್ದ 170 ವ್ಯಾಟಿಗೆ ಇಲ್ಲಿ ಎದೆಬಡಿತ ಹತ್ತು ಹದಿನೈದು ಹೆಚ್ಚು ತೋರಿಸುತ್ತದೆ. ಪವರ್ ಮೀಟರ್ ಅಂಕಿಯನ್ನು ಹಟ ಹಿಡಿದು ಕಾಯ್ದುಕೊಳ್ಳಲು ಹೋದರೆ ಕೊನೆಯ ಮೂರು ಕಿ.ಮೀ.ಯಲ್ಲಿ ದಂಡ ತೆರಬೇಕಾಗುತ್ತದೆ. ಉಸಿರನ್ನು ನೋಡಿ ತುಳಿಯುವುದೇ ಸರಿ. ನಮ್ಮವರೊಬ್ಬರಿಗೆ ಹದಿನೈದನೇ ತಿರುವಿನ ಹತ್ತಿರ ತೊಡೆ ಹಿಡಿದುಕೊಂಡಿತು. ಸೈಕಲ್ಲಿನಿಂದ ಇಳಿದು, ಕಟ್ಟೆಗೆ ಹಿಮ್ಮಡಿ ಊರಿ, ಎರಡು ನಿಮಿಷ ಚಾಚಿ, ಒಂದು ಗೇರ್ ಇಳಿಸಿ ಮತ್ತೆ ಹೊರಟರು. ಹುಲ್ಲಿನಲ್ಲಿ ಮಾರ್ಮಟ್ ಎಂಬ ದಪ್ಪ ಅಳಿಲಿನಂಥ ಪ್ರಾಣಿಗಳು ಸಿಳ್ಳೆ ಹಾಕುತ್ತಿದ್ದವು. ಒಂದು ತಿರುವಿನಲ್ಲಿ ಕೂತ ಫೋಟೋಗ್ರಾಫರ್ ಚಿತ್ರ ತೆಗೆದು, ಆಮೇಲೆ ಕೊಳ್ಳಿರೆಂದು ಚೀಟಿ ಕೈಗಿಡುತ್ತಾನೆ. ಕೈ ಬಿಡಲು ಆಗದವರ ಜೇಬಿಗೇ ತುರುಕುತ್ತಾನೆ.

ನೆತ್ತಿಗೆ ಬಂದಾಗ ಹತ್ತು ಗಂಟೆಗೆ ಸ್ವಲ್ಪ ಬಾಕಿ. ನೆತ್ತಿ ಚೆಂದವಿಲ್ಲ, ಹೇಳಿಬಿಡುವುದು ಮೇಲು. ಟೀ ಶರ್ಟ್ ಅಂಗಡಿಗಳು, ಹೋಟೆಲುಗಳು, ಸಾಲು ಬೈಕುಗಳು, ಬೇಸಿಗೆಯಲ್ಲೇ ಹಿಮನದಿಯ ಮೇಲೆ ಸ್ಕೀ ಮಾಡಲು ಬಂದವರು. ಸಾಸೇಜು ಸುಡುವ ಗಾಡಿಯಲ್ಲಿ ಸಾಸೇಜು ಬಿಟ್ಟು ಬ್ರೆಡ್ಡು, ಹುಳಿ ಕೋಸು, ಸಾಸಿವೆ ಮಾತ್ರ ಕೇಳಿದರೆ ಕೊಡುತ್ತಾರೆ, ಮುಖ ಮಾತ್ರ ವಿಚಿತ್ರವಾಗಿ ನೋಡುತ್ತಾರೆ. ಆಲ್ಪ್ಸ್‌ನ ಡಾಂಬರು ಘಾಟಿಗಳಲ್ಲಿ ಇದಕ್ಕಿಂತ ಎತ್ತರದ್ದು ಫ್ರಾನ್ಸಿನ ಇಸೆರಾನ್, ಅದೂ ಕೂದಲೆಳೆಯಷ್ಟು. ಇಟಲಿಯ ಸೈಕಲ್ ಪಂದ್ಯಗಳ ದಂತಕಥೆ ಫಾಸ್ಟೊ ಕೋಪಿಯ ಸ್ಮಾರಕ ಇಲ್ಲಿದೆ. ಇಟಲಿಯನ್ನು ಸುತ್ತುವ ವಾರ್ಷಿಕ ಸೈಕಲ್ ಪಂದ್ಯ ಜಿರೋ ಡಿ ಇಟಾಲಿಯಾ ಮೊದಲ ಸಲ ಸ್ಟೆಲ್ವಿಯೊ ಹತ್ತಿದ್ದು 1953ರಲ್ಲಿ, ಪ್ರಾಟೋ ಕಡೆಯಿಂದಲೇ. ಸ್ವಿಟ್ಜರ್ಲೆಂಡಿನ ಹ್ಯೂಗೊ ಕೊಬ್ಲೆಟ್ ಮುಂದಿದ್ದ ಆ ಪಂದ್ಯವನ್ನು ಕೋಪಿ ಇದೇ ಏರಿನಲ್ಲಿ ಕಸಿದುಕೊಂಡು ತನ್ನ ಐದನೇ ಜಿರೋ ಗೆದ್ದ. ಪ್ರತಿ ವರ್ಷದ ಜಿರೋದ ಅತಿ ಎತ್ತರದ ಜಾಗಕ್ಕೆ 1965ರಿಂದ ಅವನ ಹೆಸರೇ ಇದೆ.

ಆದರೆ ಸಾಮಾನ್ಯ ಸವಾರರಿಗೆ ಹೆಚ್ಚು ಉಪಯೋಗದ ಪಾಠ 2020ರದ್ದು. ಆ ವರ್ಷ ಜಿರೋ ಅಕ್ಟೋಬರ್‌ನಲ್ಲಿ ನಡೆದು, ಇದೇ ನೆತ್ತಿಯ ಹತ್ತಿರ ಆಸ್ಟ್ರೇಲಿಯಾದ ಸ್ಪರ್ಧಿ ಜೈ ಹಿಂಡ್ಲಿ ಓಡುವ ಸೈಕಲ್ಲಿನ ಮೇಲೆ ಜಾಕೆಟ್ ತೊಡಲು ಹೋಗಿ, ತೋಳಿಗೆ ಕೈ ಸೇರದೆ ಬಹಳ ಹೊತ್ತು ಪರದಾಡಿದ. ವೃತ್ತಿಪರನ ಪಾಡೇ ಹಾಗಾದರೆ, ನಾವು ನಿಂತು ತೊಡುವುದೇ ಸರಿ. ಸಾವಿರ ಮೀಟರಿಗೆ ಸುಮಾರು 6.5 ಡಿಗ್ರಿ ಇಳಿಯುತ್ತದೆ, ಅಂದರೆ ಪ್ರಾಟೋಗಿಂತ ಇಲ್ಲಿ ಹನ್ನೆರಡು ಡಿಗ್ರಿ ಕಡಿಮೆ. ಗಂಟೆಗೆ 50 ಕಿ.ಮೀ. ವೇಗದ ಗಾಳಿ ಸೇರಿದರೆ ಇನ್ನೂ ಕಡಿಮೆ. ಬೆವರಿದ ಒಳಬನಿಯನ್ ಬದಲಿಸಿ, ಗಾಳಿ ತಡೆಯುವ ಜಾಕೆಟ್, ಪೂರ್ತಿ ಬೆರಳಿನ ಕೈಗವಸು ಹಾಕಿಕೊಂಡು, ಹದಿನೈದು ನಿಮಿಷಕ್ಕಿಂತ ಹೆಚ್ಚು ನಿಲ್ಲದೆ ಹೊರಡಬೇಕು. ಬೆರಳು ಮರಗಟ್ಟಿದರೆ ಬ್ರೇಕ್ ಹಿಡಿಯಲು ಬಲ ಇರುವುದಿಲ್ಲ, ಈ ಘಾಟಿಯ ನಿಜವಾದ ಅಪಾಯ ಅದೇ.

ಬೋರ್ಮಿಯೊ ಕಡೆಗೆ 21.5 ಕಿ.ಮೀ. ಇಳಿತ. ಬ್ರೇಕನ್ನು ಉದ್ದಕ್ಕೂ ಸವರುತ್ತ ಬರಬಾರದು. ನೇರ ದಾರಿಯಲ್ಲಿ ಬಿಟ್ಟು, ತಿರುವಿಗೆ ಮುಂಚೆ ಎರಡೂ ಬ್ರೇಕನ್ನು ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನೊಳಗೆ ಕೈ ಸಡಿಲಿಸಬೇಕು. ಬಿಟ್ಟ ಹೊತ್ತಿನಲ್ಲೇ ಡಿಸ್ಕ್ ಅಥವಾ ರಿಮ್ ತಣಿಯುವುದು. ಕೈ ಹ್ಯಾಂಡಲಿನ ಕೆಳಬಾಗಿನಲ್ಲಿದ್ದರೆ ಲಿವರಿಗೆ ಬಲ ಹೆಚ್ಚು ಸಿಗುತ್ತದೆ. ಈ ಕಡೆ ಸುರಂಗಗಳಿವೆ, ಇಕ್ಕಟ್ಟು, ನೆಲ ಒದ್ದೆ. ಕಪ್ಪು ಕನ್ನಡಕ ತೆಗೆದು, ಮುಂದೆ ಹಿಂದೆ ಎರಡೂ ದೀಪ ಹಚ್ಚಿಯೇ ಹೋಗಬೇಕು.

ಬೋರ್ಮಿಯೊದಲ್ಲಿ ಬಿಸಿನೀರಿನ ಬುಗ್ಗೆಗಳ ಸ್ನಾನಗೃಹಗಳಿವೆ, ಗುಡುಗು ಶುರುವಾದ ಮಧ್ಯಾಹ್ನಕ್ಕೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಕಣಿವೆ ಬದಲಾದಂತೆ ಭಾಷೆ ಇಟಾಲಿಯನ್ ಆಗುತ್ತದೆ, ಊಟವೂ ಬದಲು. ಪಿಟ್ಸೊಕೆರಿ ಎಂಬುದು ಬಕ್‌ವೀಟ್ ಹಿಟ್ಟಿನ ಅಗಲ ಪಟ್ಟಿ, ಕೋಸು, ಆಲೂಗಡ್ಡೆ, ಬೆಳ್ಳುಳ್ಳಿ ಬೆಣ್ಣೆ, ಕರಗಿದ ಚೀಸು ಸೇರಿಸಿದ್ದು. ಪೂರ್ತಿ ಸಸ್ಯಾಹಾರ, ಒಂದು ತಟ್ಟೆ ಮುಗಿಸಿದರೆ ಮರುದಿನದ ಇಂಧನ ಖಾತ್ರಿ. ಜೊತೆಗೆ ಷ್ಯಾಟ್ ಎಂಬ, ಚೀಸು ತುಂಬಿ ಅದೇ ಹಿಟ್ಟಿನಲ್ಲಿ ಕರಿದ, ಮಳೆಗೆ ನಮ್ಮ ಬೋಂಡಾದಂತೆ ಹೊಂದುವ ತಿಂಡಿ. ಹಿಟ್ಟಿಗೆ ಸ್ವಲ್ಪ ಗ್ರಾಪಾ ಸಾರಾಯಿ ಹಾಕುವುದುಂಟು, ಮದ್ಯ ಬೇಡದವರು ಕೇಳಿಕೊಳ್ಳಲಿ.

ಮೂರನೆಯ ದಿನ: ಉಂಬ್ರೈಲ್ ದಾಟಿ ಸ್ವಿಟ್ಜರ್ಲೆಂಡ್ ಮೂಲಕ ವಾಪಸು

ಬೋರ್ಮಿಯೊ 1,225 ಮೀಟರ್, ಉಂಬ್ರೈಲ್ ಘಾಟಿ 2,501. ಸ್ಟೆಲ್ವಿಯೊ ನೆತ್ತಿಗೆ ಸುಮಾರು 3 ಕಿ.ಮೀ. ಕೆಳಗೆ ಎಡಕ್ಕೆ ಹೊರಳುವ ಕವಲು. ಈ ಕಡೆಯ ಏರನ್ನು ಹಿಂದಿನ ದಿನದ್ದಕ್ಕೆ ಹೋಲಿಸಿದರೆ ಜನ ಕಡಿಮೆ, ದೃಶ್ಯ ಹೆಚ್ಚು ಒರಟು. ಸುರಂಗಗಳ ನಂತರ ಸ್ಪೊಂಡಾಲುಂಗಾ ಎಂಬಲ್ಲಿ ತಿರುವುಗಳ ಗೊಂಚಲು, ಪಕ್ಕದಲ್ಲಿ ಬ್ರಾವ್ಲಿಯೊ ತೊರೆಯ ಜಲಪಾತ. ಅದರ ಮೇಲೆ ಕಣಿವೆ ಅಗಲವಾಗಿ, ಏರು ಸಡಿಲಗೊಂಡು, ಒಂದಷ್ಟು ದೂರ ದೊಡ್ಡ ಗೇರಿನಲ್ಲಿ ಹೋಗಬಹುದು. ದಾರಿಯುದ್ದಕ್ಕೂ ಸಿಗುವ ಹಳೆಯ ಕಲ್ಲು ಮನೆಗಳು ರಸ್ತೆ ಕಾಯುವ ಕೆಲಸಗಾರರಿಗೆಂದು ಕಟ್ಟಿದ ಕಾಂಟೊನಿಯೆರಾಗಳು. ಒಂದರಿಂದ ನಾಲ್ಕರವರೆಗೆ ಸಂಖ್ಯೆಯಿದೆ, ನಾಲ್ಕನೆಯದು ಕವಲಿನ ಹತ್ತಿರ. ರಾತ್ರಿಯ ಮಳೆಗೆ ಉರುಳಿದ ಚೂಪು ಕಲ್ಲುಗಳನ್ನು ಗುಡಿಸುತ್ತಿದ್ದ ಇಬ್ಬರು, ಸುರಂಗದ ಬಾಯಿಗಳಲ್ಲಿ ಟೈರು ಕೊಯ್ಯುವ ಚೂರುಗಳಿವೆ, ನಡುವೆ ಹೋಗಿ ಎಂದು ಕೈಸನ್ನೆಯಲ್ಲೇ ಹೇಳಿದರು.

ಗಡಿಯಲ್ಲಿ ಯಾರೂ ಇರಲಿಲ್ಲ. ಷೆಂಗೆನ್ ವೀಸಾ ಸ್ವಿಟ್ಜರ್ಲೆಂಡಿಗೂ ನಡೆಯುತ್ತದೆ, ಆದರೂ ಪಾಸ್‌ಪೋರ್ಟ್ ಜೇಬಿನಲ್ಲೇ ಇರಲಿ, ಪ್ಲಾಸ್ಟಿಕ್ ಚೀಲದೊಳಗೆ, ಬೆವರು ತಾಗದಂತೆ. ಮೊಬೈಲಿನದು ಬೇರೆ ಕಥೆ: ಯುರೋಪಿನ ಒಕ್ಕೂಟಕ್ಕೆಂದು ಕೊಂಡ ಎಷ್ಟೋ ಸಿಮ್‌ಗಳು ಸ್ವಿಟ್ಜರ್ಲೆಂಡಿನಲ್ಲಿ ನಡೆಯುವುದಿಲ್ಲ, ಅಥವಾ ದುಬಾರಿ ರೋಮಿಂಗ್. ಘಾಟಿಯಲ್ಲೇ ಡೇಟಾ ಆಫ್ ಮಾಡಿ, ನಕ್ಷೆಯನ್ನು ಮುಂಚೆಯೇ ಇಳಿಸಿಟ್ಟುಕೊಳ್ಳಬೇಕು.

ಉಂಬ್ರೈಲ್‌ನಿಂದ ಸಾಂತಾ ಮರಿಯಾ ಊರಿಗೆ 13 ಕಿ.ಮೀ. ಚಿಲ್ಲರೆ ದೂರದಲ್ಲಿ 1,100 ಮೀಟರಿಗೂ ಹೆಚ್ಚು ಇಳಿತ, ಅಂದರೆ ಸ್ಟೆಲ್ವಿಯೊಗಿಂತ ಕಡಿದು. ಈ ದಾರಿಯ ಒಂದು ತುಂಡು ಮಣ್ಣಿನದಾಗಿತ್ತು. 2015ರಲ್ಲಿ ಅದಕ್ಕೂ ಡಾಂಬರು ಬಿತ್ತು. ಚಕ್ರದ ಅಂಚನ್ನೇ ಒತ್ತಿ ಹಿಡಿಯುವ ರಿಮ್ ಬ್ರೇಕ್ ಇದ್ದ ಗುಂಪಿನ ಒಂದೇ ಒಂದು ಸೈಕಲ್ ಇಲ್ಲೇ ಕೈಕೊಟ್ಟಿತು. ಕಾಡು ಶುರುವಾಗುವಲ್ಲಿ ಪಟಾಕಿ ಹೊಡೆದ ಶಬ್ದ, ಮುಂದಿನ ಚಕ್ರ ಚಪ್ಪಟೆ. ನೇರ ದಾರಿಯಲ್ಲಿ ಆದದ್ದು ಪುಣ್ಯ. ಟ್ಯೂಬ್ ತೆಗೆದು ನೋಡಿದರೆ ಹಳೆಯ ಪಂಕ್ಚರಿನ ಪ್ಯಾಚ್ ಒಂದು ಬದಿಯಲ್ಲಿ ಎದ್ದಿತ್ತು. ಕಡಿದಾದ ಇಳಿತದಲ್ಲಿ ರಿಮ್ ಮುಟ್ಟಲಾಗದಷ್ಟು ಕಾಯುತ್ತದೆ, ಒಳಗಿನ ಗಾಳಿಯ ಒತ್ತಡ ಏರುತ್ತದೆ, ಪ್ಯಾಚಿನ ಅಂಟು ಮೆತ್ತಗಾಗುತ್ತದೆ. ರಿಮ್ ಬ್ರೇಕಿನವರು ಆಲ್ಪ್ಸ್‌ಗೆ ಪ್ಯಾಚ್ ಇಲ್ಲದ ಹೊಸ ಬ್ಯುಟೈಲ್ ಟ್ಯೂಬನ್ನೇ ಹಾಕಿಕೊಂಡು ಬರಬೇಕು. ಕಾರ್ಬನ್ ರಿಮ್ ಆದರೆ ಲೇಟೆಕ್ಸ್ ಟ್ಯೂಬ್ ಬೇಡವೇ ಬೇಡ. ಬದಲಿಸುವ ಮುಂಚೆ ರಿಮ್ ತಣಿಯಲು ಹತ್ತು ನಿಮಿಷ ಬಿಟ್ಟು, ಟೈರಿನ ಒಳಗೆ ಬೆರಳಾಡಿಸಿ ಚೂರು ಉಳಿದಿಲ್ಲವೆಂದು ನೋಡಿ, ಟೈರಿನ ಅಂಚು ಸುತ್ತಲೂ ಸರಿಯಾಗಿ ಕೂತಿದೆಯೇ ಎಂದು ಎರಡೂ ಬದಿ ಪರೀಕ್ಷಿಸಿ ಗಾಳಿ ತುಂಬಿಸಿದ್ದಾಯಿತು. 28 ಮಿ.ಮೀ. ಟೈರಿಗೆ 70 ಪಿಎಸ್ಐ ಬರಲು ಕೈಪಂಪು ಇನ್ನೂರಕ್ಕೂ ಮಿಕ್ಕಿ ಒತ್ತಬೇಕಾಗುತ್ತದೆ. ಗ್ಯಾಸ್ ಕಾರ್ಟ್‌ರಿಜ್ ನೆಚ್ಚಿಕೊಂಡವರು ಅದನ್ನು ವಿಮಾನದಲ್ಲಿ ತರುವುದಕ್ಕೆ ನಿರ್ಬಂಧವಿದೆ ಎಂಬುದನ್ನು ಮರೆಯಬಾರದು, ಇಲ್ಲೇ ಅಂಗಡಿಯಲ್ಲಿ ಕೊಳ್ಳಬೇಕು.

ಸಾಂತಾ ಮರಿಯಾದಲ್ಲಿ ಮಾತು ರೊಮಾನ್ಷ್. ಎರಡು ದಿನದಲ್ಲಿ ಮೂರನೇ ಭಾಷೆ, ಸೈಕಲ್ ಮಾತ್ರ ಅದೇ. ಬೇಕರಿಯಲ್ಲಿ ವಾಲ್‌ನಟ್ಟು, ಕ್ಯಾರಮೆಲ್ ತುಂಬಿದ ಗಟ್ಟಿ ಟಾರ್ಟ್ ಸಿಕ್ಕಿತು. ಬೆಲೆ ಇಟಲಿಗಿಂತ ಜಾಸ್ತಿ, ಆದರೆ ಒಂದು ತುಂಡು ಇಬ್ಬರಿಗೆ ಸಾಕು. ಅಂಗಡಿಯವರು ಯೂರೋ ನೋಟು ತೆಗೆದುಕೊಂಡು ಚಿಲ್ಲರೆಯನ್ನು ಫ್ರಾಂಕಿನಲ್ಲಿ ಕೊಟ್ಟರು. ಅದು ಗಡಿ ದಾಟಿದ ಮೇಲೆ ನಡೆಯದ ದುಡ್ಡು, ಕಾರ್ಡ್ ಕೊಡುವುದೇ ವಾಸಿ. ಅಲ್ಲಿಂದ ಕೆಳಗೆ ಮ್ಯುಸ್ಟೈರ್. ಅಲ್ಲಿನ ಕ್ರೈಸ್ತ ಸನ್ಯಾಸಿನಿಯರ ಮಠದ ಗೋಡೆಗಳಲ್ಲಿ ಎಂಟು, ಒಂಬತ್ತನೆಯ ಶತಮಾನದ ಕಾಲದ ಚಿತ್ರಗಳಿವೆ, 1983ರಿಂದ ವಿಶ್ವ ಪರಂಪರೆಯ ತಾಣ. ಪೆಡಲಿಗೆ ಸಿಕ್ಕಿಸಲು ಸೈಕಲ್ ಶೂವಿನ ಅಡಿಯಲ್ಲಿರುವ ಕ್ಲೀಟ್ ಕಲ್ಲುಹಾಸಿನ ಮೇಲೆ ಜಾರುತ್ತದೆ, ಶಬ್ದವೂ ಆಗುತ್ತದೆ. ಕ್ಲೀಟ್ ಕವರ್ ಇಲ್ಲದವರು ಶೂ ಕಳಚಿ ಒಳಗೆ ಹೋದರೆ ಯಾರೂ ಏನೂ ಅನ್ನಲಿಲ್ಲ.

ಮತ್ತೆ ಇಟಲಿ. ಟೌಫರ್ಸ್ ದಾಟಿ ಗ್ಲುರ್ನ್ಸ್ ತನಕ ತುಳಿಯುವ ಕೆಲಸವೇ ಇಲ್ಲದಂಥ ಇಳಿತ. ಗ್ಲುರ್ನ್ಸ್ ಸುತ್ತುಗೋಡೆ ಪೂರ್ತಿ ಉಳಿದಿರುವ ಪುಟ್ಟ ಪಟ್ಟಣ. ಗೋಡೆಯ ಬಾಗಿಲಿನಲ್ಲಿ ದಾರಿ ಒಂದೇ ಕಾರಿನಷ್ಟು ಅಗಲ, ಎದುರಿನವರು ಬಂದರೆ ನಿಲ್ಲಬೇಕು. ಅಲ್ಲಿಂದ ಸೇಬಿನ ತೋಟಗಳ ನಡುವಿನ ಸೈಕಲ್ ದಾರಿಯಲ್ಲಿ ಪ್ರಾಟೋ ಕೂಗಳತೆ.

ಸಂಜೆಯ ರೈಲಿಗೆ ಸ್ಪೊಂಡಿನಿಗ್‌ಗೆ ಹೋದಾಗ ಬೋಗಿಯಲ್ಲಿ ಸೈಕಲ್ಲಿಗೆ ಜಾಗ ಇರಲಿಲ್ಲ. ಬೇಸಿಗೆಯ ವಾರಾಂತ್ಯದಲ್ಲಿ ಇದು ಮಾಮೂಲು. ಸೈಕಲ್ಲಿಗೆ ಪ್ರತ್ಯೇಕ ಟಿಕೆಟ್ ತೆಗೆದುಕೊಂಡ ಮಾತ್ರಕ್ಕೆ ಜಾಗ ಖಾತ್ರಿಯಾಗುವುದಿಲ್ಲ. ಪ್ಲಾಟ್‌ಫಾರ್ಮಿನಲ್ಲಿದ್ದ ಸ್ಥಳೀಯರೊಬ್ಬರು, ಮುಂದಿನ ರೈಲಿಗೆ ಕಾಯುವ ಬದಲು ಸೈಕಲ್ಲಿನಲ್ಲೇ ಇಳಿದುಬಿಡಿ, ಈಗ ಗಾಳಿ ನಿಮ್ಮ ಬೆನ್ನಿಗಿದೆ ಎಂದರು. ಅವರ ಮಾತು ಸರಿಯಿತ್ತು. ಮೆರಾನೋ ಮುಟ್ಟಿದಾಗ ಇನ್ನೂ ಬೆಳಕಿತ್ತು.